ಮರಿಗಳನ್ನು ಹಿಡಿದಿಟ್ಟ ಆಂಟಿ

ಷಿಕಾಗೋ ಪಕ್ಕದ ಲೊಂಬಾರ್ಡ್‌ನ ಅಪಾರ್ಟ್‌ಮೆಂಟ್ ಬಿಟ್ಟು ಈ ಟೌನ್‌ಹೌಸಿಗೆ ಬಂದು ಆರು ವರ್ಷವಾದರೂ ಬಿಚ್ಚದೇ ಉಳಿದಿದ್ದ ಒಂದು ಪೆಟ್ಟಿಗೆ ಕಳೆದ ಶನಿವಾರ ಬೇಸ್‌ಮೆಂಟಿನಲ್ಲಿ ಸಿಕ್ಕಿತು. ಒಳಗೆ ಸುತ್ತಿಟ್ಟ ವೈರುಗಳು, ಯಾವ ಫೋನಿನದೆಂದು ಗೊತ್ತಾಗದ ಚಾರ್ಜರುಗಳು, ಅವುಗಳಡಿಯಲ್ಲಿ ನನ್ನ ಹಳೆಯ ಹೆಡ್‌ಸೆಟ್. ಕೈಗೆತ್ತಿಕೊಂಡರೆ ಕಿವಿಯ ಮೇಲೆ ಕೂರುವ ಮೆತ್ತೆಯ ಕಪ್ಪು ತೊಗಲು ಹೊಟ್ಟಿನ ಹಾಗೆ ಉದುರಿ ಬೆರಳಿಗೆಲ್ಲ ಅಂಟಿತು. ಮೂಗಿನ ಹತ್ತಿರ ತಂದೆ. ಹಳೆಯ ಬೆವರು, ಕೊಬ್ಬರಿ ಎಣ್ಣೆ, ಬಿಸಿಯಾದ ಪ್ಲಾಸ್ಟಿಕ್ಕು... ನನ್ನದೇ ವಾಸನೆ, ಆದರೂ ಮುಖ ಸಿಂಡರಿಸಿದೆ. ಮೂಸುತ್ತಿದ್ದ ಹಾಗೆಯೇ ಕಿವಿಯೊಳಗೆ ಒಂದು ಕುಕ್ಕರ್ ಕೂಗಿತು. ನಮ್ಮ ಮನೆಯದಲ್ಲ. ಇನ್ನೂರೈವತ್ತು ಮೈಲಿ ದೂರದ, ಮಿಷಿಗನ್ನಿನ ಆನ್ ಆರ್ಬರಿನ ಒಂದು ಅಡುಗೆಮನೆಯದು, ಏಳೆಂಟು ವರ್ಷದ ಹಿಂದಿನದು.

ಆ ಕುಕ್ಕರಿನ ಒಡತಿಯನ್ನು ನಾವೆಲ್ಲ ಆಂಟಿ ಎಂದೇ ಕರೆಯುತ್ತಿದ್ದೆವು. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು. ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಆಗ ನಾವು ಹತ್ತು ಜನ, ಶನಿವಾರ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಅವರವರ ಮನೆಯ ಕಂಪ್ಯೂಟರಿನ ಮುಂದೆ ಕೂತು ಒಂದು ಆನ್‌ಲೈನ್ ಆಟ ಆಡುತ್ತಿದ್ದೆವು. ಎಲ್ಲರೂ ಕನ್ನಡದವರು. ಅರ್ಧ ಜನ ಷಿಕಾಗೋ ಸುತ್ತಮುತ್ತಲಿನವರು, ಅರ್ಧ ಡೆಟ್ರಾಯ್ಟ್ ಕಡೆಯವರು. ಮಿಷಿಗನ್ನಿನವರಿಗೆ ಗಡಿಯಾರ ಒಂದು ಗಂಟೆ ಮುಂದೆ, ಹಾಗಾಗಿ ಅವರು ತಿಂಡಿ ಮುಗಿಸಿ ಬರುತ್ತಿದ್ದರು, ನಾವು ಹಸಿದುಕೊಂಡೇ ಕೂರುತ್ತಿದ್ದೆವು. ಗುಂಪಿಗೆ ನಾನು ನಾಯಕ. ಯಾರೂ ಆರಿಸಿದ್ದಲ್ಲ, ಜೋರಾಗಿ ಕೂಗುವವನು ನಾನೊಬ್ಬನೇ ಇದ್ದೆ. ಇಟಾಸ್ಕಾದ ಆಫೀಸಿನಲ್ಲಿ ವಾರವೆಲ್ಲ ಮ್ಯಾನೇಜರನ ಎದುರು ತಲೆಯಾಡಿಸಿಕೊಂಡು ಕೂತವನಿಗೆ ಶನಿವಾರ ಮೂರು ಗಂಟೆ ಒಂಬತ್ತು ಜನರ ಮೇಲೆ ಎಗರಾಡುವ ಅವಕಾಶ ಸಿಕ್ಕರೆ ಬಿಡುತ್ತಾನೆಯೆ? ಹೆಡ್‌ಸೆಟ್ ತಲೆಗೇರಿಸಿದರೆ ಸಾಕು, ನನ್ನ ದನಿಯೇ ಬೇರೆಯಾಗುತ್ತಿತ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹತ್ತು ಜನ ಸೇರಿ ಒಬ್ಬ ದೊಡ್ಡ ರಾಕ್ಷಸನನ್ನು ಕೊಲ್ಲಬೇಕು. ಅವನ ಏಟು ಎಲ್ಲರ ಮೇಲೂ ಬಿದ್ದರೆ ಯಾರೂ ಉಳಿಯುವುದಿಲ್ಲ, ಆದ್ದರಿಂದ ಗಟ್ಟಿ ಕವಚ ತೊಟ್ಟ ಒಬ್ಬ ಮುಂದೆ ನಿಂತು ಅವನನ್ನು ತನ್ನ ಕಡೆಗೇ ಕೆಣಕುತ್ತಿರಬೇಕು. ಆ ಕೆಲಸದವನಿಗೆ ಟ್ಯಾಂಕ್ ಎನ್ನುತ್ತಾರೆ. ಅದು ನಾನು. ಆದರೆ ಈ ರಾಕ್ಷಸ ಒಬ್ಬನೇ ಬರುತ್ತಿರಲಿಲ್ಲ. ನಿಮಿಷಕ್ಕೊಮ್ಮೆ ನಾಲ್ಕೂ ಮೂಲೆಯಿಂದ ಹತ್ತು ಹನ್ನೆರಡು ಸಣ್ಣ ಪಿಶಾಚಿಗಳು ಓಡಿಬರುತ್ತಿದ್ದವು. ನಾವು ಅವಕ್ಕೆ ಮರಿಗಳು ಎಂದು ಹೆಸರಿಟ್ಟಿದ್ದೆವು. ಅವನ್ನೆಲ್ಲ ಒಟ್ಟುಮಾಡಿ, ಒಂದು ಮೂಲೆಗೆ ಎಳೆದುಕೊಂಡು ಹೋಗಿ, ಅವುಗಳ ಕೈಲಿ ಪರಚಿಸಿಕೊಳ್ಳುತ್ತ ನಿಲ್ಲಲು ಇನ್ನೊಬ್ಬ ಟ್ಯಾಂಕ್ ಬೇಕು. ಒಂದೇ ಒಂದು ಮರಿ ತಪ್ಪಿಸಿಕೊಂಡು ಗಾಯ ಮಾಯಿಸುವವರ ಮೇಲೆ ಬಿತ್ತೆಂದರೆ ಅವರು ಸತ್ತರು, ಅವರ ಹಿಂದೆ ನಾವೆಲ್ಲ ಸತ್ತೆವು. ದೊಡ್ಡವನ ಎದುರು ನಿಂತವನಿಗೆ ಹೆಸರು. ಮೂಲೆಯಲ್ಲಿ ಮರಿಗಳ ಜೊತೆ ನಿಂತವರತ್ತ ಯಾರೂ ತಿರುಗಿಯೂ ನೋಡುವುದಿಲ್ಲ, ತಪ್ಪಾದಾಗ ಹೊರತು. ಯಾರಿಗೂ ಬೇಡವಾದ ಕೆಲಸ ಅದು. ಆ ಕೆಲಸ ಆಂಟಿಯದು.

ಅವರನ್ನು ಕರೆತಂದವಳು ನಮ್ಮ ಹೀಲರ್, ಅಂದರೆ ಗಾಯ ಮಾಯಿಸುವವಳು. ದಾವಣಗೆರೆಯ ಮುಸ್ಲಿಂ ಮನೆತನದ ಹುಡುಗಿ, ಡಿಯರ್‌ಬಾರ್ನ್‌ನಲ್ಲಿ ಫಾರ್ಮಸಿಸ್ಟ್ ಆಗಿದ್ದಳು. ಯಾವುದೋ ಸಂಘದವರು ಮನೆಮನೆಯಿಂದ ಅಡುಗೆ ತಂದು ಸೇರಿದ ಪಾಟ್‌ಲಕ್ಕಿನಲ್ಲಿ ಆಂಟಿ ಅವಳ ಪಕ್ಕ ಕೂತು, ಇಂಥದೊಂದು ಆಟ ಇದೆಯಂತೆ, ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರಂತೆ. ಆಂಟಿಗೆ ಐವತ್ತು ದಾಟಿತ್ತು. ಗದಗಿನ ಕಡೆಯವರು. ಗಂಡ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಮೊದಲ ದಿನ ಅವರ ದನಿ ಕೇಳಿ ನಾನು ಮೈಕ್ ಮುಚ್ಚಿಕೊಂಡು ನಕ್ಕೆ. ಹೋಗಲಿ, ಮರಿಗಳ ಜೊತೆ ಬಿಡೋಣ, ಹೇಗೂ ಅಲ್ಲಿ ಯಾರೂ ನಿಲ್ಲುವುದಿಲ್ಲ ಎಂದುಕೊಂಡೆ.

ನಾಲ್ಕು ವಾರದಲ್ಲಿ ಅವರು ಕಲಿತರು. ಕೀಬೋರ್ಡಿನ ಗುಂಡಿಗಳ ಮೇಲೆ ಸಣ್ಣ ಸಣ್ಣ ಚೀಟಿ ಅಂಟಿಸಿ ಕನ್ನಡದಲ್ಲಿ ಬರೆದುಕೊಂಡಿದ್ದರು. ಫೋಟೋ ತೆಗೆದು ಗ್ರೂಪಿಗೆ ಕಳಿಸಿದ್ದರು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದರ ಮೇಲೆ ‘ಗುರಾಣಿ’, ಒಂದರ ಮೇಲೆ ‘ಓಡು’, ಮರಿಗಳನ್ನು ಕೆಣಕಿ ತಮ್ಮ ಕಡೆಗೆ ಎಳೆದುಕೊಳ್ಳುವ ಗುಂಡಿಯ ಮೇಲೆ ‘ಬಾ ಇಲ್ಲಿ’. ಆ ಮೂರನೆಯದನ್ನು ಒತ್ತುವಾಗ ಬಾಯಲ್ಲೂ ಬಾ ಇಲ್ಲಿ ಬಾ ಇಲ್ಲಿ ಎಂದು ಗೊಣಗುವುದು ನಮಗೆಲ್ಲ ಕೇಳಿಸುತ್ತಿತ್ತು. ಹಿನ್ನೆಲೆಯಲ್ಲಿ ಕುಕ್ಕರ್. ಶನಿವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬರುವ ಅಂಕಲ್‌ಗೆ ಹನ್ನೆರಡಕ್ಕೆ ಸರಿಯಾಗಿ ಊಟವಾಗಬೇಕಿತ್ತು.

ಈ ಕೆಲಸದಲ್ಲಿ ಬೇಜಾರಿಲ್ಲವೇ ಎಂದು ಒಮ್ಮೆ ಯಾರೋ ಕೇಳಿದರು. ಅದಕ್ಕೆ ಆಂಟಿ ನನ್ನನ್ನು ಉದ್ದೇಶಿಸಿ, “ಮದುವ್ಯಾಗ ಅಕ್ಕಿಕಾಳು ನೀ ಹಾಕಸ್ಕೋ ತಮ್ಮಾ, ಬೀಗರ ಮಂದೀನ ನಾ ಸಂಭಾಳಸ್ತೀನಿ” ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮಾತು ನಿಜವಾಗಿತ್ತು, ಮದುಮಗನ ಜಾಗದಲ್ಲಿ ನಿಂತವನಿಗೆ ಆ ನಿಜ ಅಷ್ಟೇನೂ ರುಚಿಸಲಿಲ್ಲ.

ಅವರಲ್ಲಿ ಇದ್ದದ್ದು ಒಂದೇ ದೋಷ. ಅದನ್ನು ದೋಷ ಎನ್ನಬೇಕೋ ಬೇಡವೋ... ನೀವೇ ಹೇಳಿ. ಆಟದ ನಡುವೆ ಹೀಲರ್ ಎಲ್ಲರನ್ನೂ ಕೇಳುತ್ತಾಳೆ, ಹೀಲ್ ಹಾಕಲೇ ಎಂದು. ಬೇಕಾದವರು ಬೇಕು ಅನ್ನುತ್ತಾರೆ. ಉಸಿರು ಹೋಗುವ ಹೊತ್ತಿನಲ್ಲಿ ಯಾವನು ದಾಕ್ಷಿಣ್ಯ ಮಾಡುತ್ತಾನೆ? ಆಂಟಿ ಮಾಡುತ್ತಿದ್ದರು. ಮೈಮೇಲೆ ಹನ್ನೆರಡು ಮರಿಗಳು, ಜೀವದ ಪಟ್ಟಿ ಕೆಂಪಗಾಗಿ ಕಾಲು ಭಾಗಕ್ಕೆ ಇಳಿದಿದೆ, ಹೀಲರ್ ಕೇಳಿದರೆ, “ಬ್ಯಾಡ ಬಿಡವ್ವಾ, ನನಗ ಸಾಕು. ಅವರಿಗೆ ಹಾಕು” ಅನ್ನುವರು. ಮರುಕ್ಷಣವೇ ಸಾಯುವರು. ಮರಿಗಳು ಚೆಲ್ಲಾಪಿಲ್ಲಿಯಾಗಿ ನಮ್ಮ ಮೇಲೆ ಬೀಳುತ್ತಿದ್ದವು, ಎರಡು ಉಸಿರಿನಲ್ಲಿ ಹತ್ತೂ ಜನ ನೆಲದ ಮೇಲೆ. ಒಂದೇ ಬೆಳಿಗ್ಗೆ ನಾಲ್ಕು ಸಲ ಹೀಗಾಯಿತು. ಊಟಕ್ಕೆ ಕೂತಾಗ ಇನ್ನೊಂದು ಚಪಾತಿ ಬೇಕೇ ಅಂದರೆ ಬೇಡ ಅನ್ನುವುದಿಲ್ಲವೇ, ಹಾಗೆ. ಎರಡನೇ ಸಲ ಕೇಳಲಿ, ಮೂರನೇ ಸಲ ತಟ್ಟೆಗೆ ಹಾಕಿಯೇ ಬಿಡಲಿ ಎಂದು ಕಾಯುವ ಬೇಡ ಅದು. ಅವರಿಗೆ ಹುಟ್ಟಿನಿಂದ ಬಂದದ್ದು, ಬಾಯಿ ತೆರೆದರೆ ಮೊದಲು ಬರುವುದೇ ಅದು.

ಇದು ನಮ್ಮೆಲ್ಲರಿಗೂ ಗೊತ್ತಿದ್ದ ಕಾಯಿಲೆಯೇ. ನಮ್ಮಮ್ಮನಿಗೂ ಇದೆ. ಹಾಗಾಗಿ ನಾನೇ ಒಂದು ಕಾನೂನು ಮಾಡಿದೆ. ಇನ್ನು ಮುಂದೆ ಆಂಟಿಯನ್ನು ಯಾರೂ ಕೇಳಕೂಡದು, ಅವರ ಬೇಡವನ್ನು ಯಾರೂ ಕಿವಿಗೆ ಹಾಕಿಕೊಳ್ಳಕೂಡದು, ಪಟ್ಟಿ ಅರ್ಧಕ್ಕಿಳಿದ ಕೂಡಲೇ ಹೀಲ್ ಹಾಕುತ್ತಿರಬೇಕು. ಹೀಲರ್ ಹಾಗೇ ಮಾಡಿದಳು. ಆಂಟಿ ಬ್ಯಾಡ ಬ್ಯಾಡ ಅನ್ನುತ್ತಲೇ ಇದ್ದರು, ಇವಳು ಹಾಕುತ್ತಲೇ ಇದ್ದಳು. ಅಂದಿನಿಂದ ಆಂಟಿ ಸಾಯುವುದು ನಿಂತಿತು. ಈ ಕಾನೂನು ಮಾಡಿದವನು ನಾನು ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಏಳು ತಿಂಗಳು ಒಬ್ಬನೇ ರಾಕ್ಷಸನ ಬೆನ್ನು ಬಿದ್ದಿದ್ದೆವು. ಆ ಸೀಸನ್ನಿನ, ಅಂದರೆ ಆಟದ ಆ ಸುತ್ತಿನ, ಕೊನೆಯ ರಾಕ್ಷಸ, ಅದರಲ್ಲೂ ಕಷ್ಟದ ಆವೃತ್ತಿ. ಅವನನ್ನು ಕೊಂದವರ ಹೆಸರಿನ ಮುಂದೆ ಚಿನ್ನದ ಬಣ್ಣದ ಒಂದು ಬಿರುದು ಬರುತ್ತಿತ್ತು. ಕೊಂದ ಗಳಿಗೆಯಲ್ಲಿ ಅವರ ಸ್ನೇಹಿತರ ಪಟ್ಟಿಯಲ್ಲಿ ಇರುವವರೆಲ್ಲರ ತೆರೆಯ ಮೇಲೂ ಹೆಸರಿನ ಸಮೇತ ಒಂದು ಸಾಲು ಹಾದುಹೋಗುತ್ತಿತ್ತು. ಸೀಸನ್ ಮುಗಿದರೆ ಮುಗಿಯಿತು, ಆಮೇಲೆ ಕೊಂದರೂ ಬಿರುದಿಲ್ಲ, ಸಾಲೂ ಇಲ್ಲ. ನನಗೆ ಬಿರುದು ಬೇಕಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಪ್ರಮೋಷನ್ನಿಗಿಂತ ಹೆಚ್ಚು ಬೇಕಿತ್ತು. ಆಂಟಿಗೆ ಬೇಕಾಗಿದ್ದದ್ದು ಆ ಸಾಲು.

ಒಂದು ಶನಿವಾರ ನಾನು ಬೇಗ ಕೂತಿದ್ದೆ, ಅವರೂ ಬಂದಿದ್ದರು. ಉಳಿದವರು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಆ ಸಾಲು ನಿಜವಾಗಿಯೂ ಸ್ನೇಹಿತರ ಪಟ್ಟಿಯಲ್ಲಿ ಇರುವವರಿಗೆಲ್ಲ ಕಾಣುತ್ತದೆಯೇ ಎಂದು ವಿಚಾರಿಸಿದರು. ಆಟ ತೆರೆದಿದ್ದರೆ ಕಂಡೇ ಕಾಣುತ್ತದೆ ಅಂದೆ. ತಮ್ಮ ಪಟ್ಟಿಯಲ್ಲಿ ಒಂದೇ ಹೆಸರಿದೆ ಅಂದರು. ಮಗನದು. ಅವನು ಹೈಸ್ಕೂಲಿನಲ್ಲಿದ್ದಾಗ ಅಮ್ಮನೂ ತನ್ನ ಜೊತೆ ಆಡಲಿ ಎಂದು ಅವರಿಗೊಂದು ಪಾತ್ರ ಮಾಡಿ, ಹೆಸರಿಟ್ಟು, ತನ್ನ ಹೆಸರನ್ನು ಪಟ್ಟಿಗೆ ಸೇರಿಸಿಕೊಟ್ಟಿದ್ದನಂತೆ. ಆಗ ಅವರಿಗೆ ಪುರುಸೊತ್ತಾಗಲಿಲ್ಲ. ಆಮೇಲೆ ಅವನು ಮೆಡಿಸಿನ್ ಓದುವುದನ್ನು ಅರ್ಧಕ್ಕೆ ಬಿಟ್ಟು ಡೆಟ್ರಾಯ್ಟ್‌ನಲ್ಲಿ ಸೈಕಲ್ ರಿಪೇರಿ ಅಂಗಡಿ ಸೇರಿಕೊಂಡ. ಅಪ್ಪ ಹೊಸ್ತಿಲು ತುಳಿಯಬೇಡ ಎಂದು ಕೂಗಾಡಿದರು. ಆಂಟಿ ಪಕ್ಕದಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಮಗನಿಗೆ ಅಪ್ಪನ ಕೂಗಾಟಕ್ಕಿಂತ ಅಮ್ಮನ ಸುಮ್ಮನಿರುವಿಕೆ ಹೆಚ್ಚು ಚುಚ್ಚಿತು. ಎರಡು ವರ್ಷವಾಗಿತ್ತು. ಮನೆಯಿಂದ ನಲವತ್ತೈದು ಮೈಲಿ, ಅಷ್ಟೇ.

“ಫೋನ್ ಬ್ಲಾಕ್ ಮಾಡ್ಯಾನ, ವಾಟ್ಸಾಪ್ ಬ್ಲಾಕ್ ಮಾಡ್ಯಾನ. ಇದೊಂದು ಮರ್ತಾನ ಅನಸ್ತದ, ತಮ್ಮಾ” ಅಂದರು.

ಶನಿವಾರ ಬೆಳಿಗ್ಗೆ ಕೆಲವು ಸಲ ಅವನ ಹೆಸರು ಹಸಿರಾಗುತ್ತದೆ, ಅಂದರೆ ಅವನೂ ಆಟ ತೆರೆದಿರುತ್ತಾನೆ. ತಾನಾಗಿ ಏನಾದರೂ ಬರೆದರೆ ಇದನ್ನೂ ಬ್ಲಾಕ್ ಮಾಡಿಬಿಟ್ಟಾನು ಎಂಬ ಭಯ. ಆ ಸಾಲಾದರೆ ತಾವು ಬರೆದದ್ದಲ್ಲ, ಆಟವೇ ಬರೆಯುವುದು. ಅಮ್ಮ ಇಷ್ಟು ಮಾಡಿದಳಲ್ಲ ಎಂದು ಅವನಿಗೆ ಅನಿಸಿದರೆ ಸಾಕು ಎಂದರು. ಇದನ್ನೆಲ್ಲ ಹೇಳುವಾಗ ಅವರ ದನಿ ಅಳುತ್ತಿರಲಿಲ್ಲ, ತರಕಾರಿ ಹೆಚ್ಚುವ ಸದ್ದೂ ನಿಂತಿರಲಿಲ್ಲ. ಯಾರಿಗೂ ಹೇಳಬೇಡ ಅಂದರು. ನಾನು ಯಾರಿಗೂ ಹೇಳಲಿಲ್ಲ. ನನ್ನ ಪಾಲಿನ ಒಳ್ಳೆಯತನ ಅಲ್ಲಿಗೆ ಮುಗಿಯಿತು.

ಸೀಸನ್ ಮುಗಿಯಲು ಎರಡು ಶನಿವಾರ ಉಳಿದಿದ್ದಾಗ ರಾಕ್ಷಸನ ಜೀವ ನೂರರಲ್ಲಿ ಎರಡು ಭಾಗಕ್ಕೆ ಇಳಿಯಿತು. ಇನ್ನು ಹತ್ತು ಸೆಕೆಂಡು. ಅಷ್ಟರಲ್ಲಿ ಮೂಲೆಯ ಮರಿಗಳು ಇದ್ದಕ್ಕಿದ್ದಂತೆ ಆಂಟಿಯನ್ನು ಬಿಟ್ಟು ಹೀಲರ್ ಮೇಲೆ ನುಗ್ಗಿದವು. ಹತ್ತೂ ಜನ ಸತ್ತೆವು. ಆಮೇಲೆ ನಾನು ಶುರುಮಾಡಿದೆ. ಕುಕ್ಕರ್ ಆಫ್ ಮಾಡಲು ಎದ್ದು ಹೋದಿರಾ ಆಂಟಿ ಎಂದು ಕೇಳಿದೆ. ಏಳು ತಿಂಗಳ ಕೆಲಸ ಒಂದು ಪಾತ್ರೆ ಬೇಳೆಸಾರಿಗೋಸ್ಕರ ಹಾಳಾಯಿತು ಅಂದೆ. ಯಾರೋ ಒಬ್ಬ ನಕ್ಕ. ಆಂಟಿ ತಾವು ಎದ್ದಿಲ್ಲ ಅನ್ನಲಿಲ್ಲ. ತಪ್ಪಾಯಿತು, ಮುಂದಿನ ವಾರ ಒಲೆಯನ್ನೇ ಹಚ್ಚುವುದಿಲ್ಲ ಅಂದರು.

ನಾನು ಪ್ರತಿ ಸಲದ ಆಟವನ್ನೂ ರೆಕಾರ್ಡ್ ಮಾಡುತ್ತಿದ್ದೆ. ಭಾನುವಾರ ಹಾಕಿ ನೋಡಿದೆ. ಆಂಟಿ ಕದಲಿರಲಿಲ್ಲ. ಕೊನೆಯ ಗಳಿಗೆಯಲ್ಲಿ, ಗೆದ್ದೇಬಿಟ್ಟೆವೆಂಬ ಉಮೇದಿನಲ್ಲಿ, ನಾನು ದೊಡ್ಡವನನ್ನು ಮೂಲೆಯ ಕಡೆಗೆ ತಿರುಗಿಸಿದ್ದೆ. ಅವನು ಬೀಸಿದ ಕೊಡಲಿ ಆಂಟಿಯ ಬೆನ್ನಿಗೆ ಬಿದ್ದಿತ್ತು. ಅವರು ಬಿದ್ದರು, ಮರಿಗಳು ಚದುರಿದವು. ತಪ್ಪು ನನ್ನದು, ಅಪ್ಪಟ ನನ್ನದು. ಎರಡು ಸಲ ನೋಡಿದೆ, ಮೂರು ಸಲ ನೋಡಿದೆ. ಆಮೇಲೆ ಆ ಫೈಲನ್ನು ಅಳಿಸಿಹಾಕಿದೆ.

ಸೋಮವಾರ ಆಫೀಸಿನ ಊಟದ ಮೇಜಿನಲ್ಲಿ ನನ್ನ ಸಹೋದ್ಯೋಗಿಯೊಬ್ಬ ಸಿಕ್ಕ. ಬೆಂಗಳೂರಿನವನು, ಇದೇ ಆಟದಲ್ಲಿ ಭಾರೀ ನುರಿತವನು, ಅವನ ಹಳೆಯ ಗುಂಪು ಒಡೆದುಹೋಗಿತ್ತು. ಮರಿಗಳನ್ನು ಹಿಡಿಯಲು ಜನ ಬೇಕಿದ್ದರೆ ಹೇಳು, ಒಂದು ಶನಿವಾರ ಬರುತ್ತೇನೆ ಅಂದ. ನನಗೆ ಎರಡನೇ ಯೋಚನೆಯೇ ಬರಲಿಲ್ಲ. ಜಾಗ ಇರುವುದು ಹತ್ತು, ಉಳಿದಿರುವುದು ಒಂದೇ ಶನಿವಾರ. ನಿಮಗೊಂದು ವಿಷಯ ಹೇಳಬೇಕು. ಆಂಟಿಯೊಂದಿಗೇ ಹೋಗಿದ್ದರೂ ಆ ಕೊನೆಯ ಶನಿವಾರ ನಾವು ಗೆಲ್ಲುತ್ತಿದ್ದೆವು. ನಾನು ನೆಟ್ಟಗೆ ನಿಂತಿದ್ದರೆ ಸಾಕಿತ್ತು. ಇದು ನನಗೊಬ್ಬನಿಗೇ ಗೊತ್ತಿತ್ತು. ಆದರೆ ಮತ್ತೆ ತಪ್ಪಿದರೆ ಯಾರ ತಪ್ಪೆಂದು ಬೇರೆಯವರೂ ನೋಡಿಬಿಟ್ಟರೆ? ಅವರು ಇಲ್ಲದಿದ್ದರೆ, ಹಿಂದಿನ ವಾರದ ಸೋಲು ಅವರ ಹೆಸರಿನಲ್ಲೇ ಉಳಿಯುತ್ತದೆ... ಇಷ್ಟೂ ಲೆಕ್ಕ ಹಾಕಿದ್ದೆನೆಂದು ಇವತ್ತು ಬರೆಯುವಾಗ ಕೈ ಹಿಂಜರಿಯುತ್ತದೆ, ಅವತ್ತು ಹಿಂಜರಿಯಲಿಲ್ಲ.

ಹಿರಿಯರನ್ನು ಎದುರಿಗೇ ಬರಬೇಡಿ ಎನ್ನಲಾಗುವುದಿಲ್ಲ. ಎಂಥ ದುಷ್ಟನಾದರೂ ನಮ್ಮ ಪೈಕಿ ಯಾರೂ ಹಾಗೆ ಹೇಳರು. ಅದರ ಅಗತ್ಯವೂ ಇರಲಿಲ್ಲ. ಅವರ ಬಾಯಿಂದಲೇ ಹೇಳಿಸುವ ಉಪಾಯ ನನಗೆ ಗೊತ್ತಿತ್ತು.

ಕೊನೆಯ ಶನಿವಾರ ಆಂಟಿ ಎಲ್ಲರಿಗಿಂತ ಮೊದಲು ಬಂದಿದ್ದರು. ಒಲೆ ಹಚ್ಚಿಲ್ಲ, ಅಂಕಲ್‌ಗೆ ಬೆಳಗ್ಗೆಯೇ ಅಡುಗೆ ಮಾಡಿಟ್ಟಿದ್ದೇನೆ, ಕುಕ್ಕರ್ ಸದ್ದೇ ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿದರು. ಮಗನ ಹೆಸರು ಹಸಿರಾಗಿದೆ ಎಂದು ನನಗೊಬ್ಬನಿಗೇ ಕಾಣುವಂತೆ ಒಂದು ಮೆಸೇಜ್ ಬರೆದರು. ಅದನ್ನು ಓದಿದೆ. ಓದಿ, ಒಂಬತ್ತು ಜನರೂ ಕೇಳಿಸಿಕೊಳ್ಳುವ ಹಾಗೆ ಮೈಕಿನಲ್ಲಿ ಕೇಳಿದೆ.

“ಆಂಟಿ, ಇವತ್ತು ನೀವು ಬರ್ತೀರಾ, ಇಲ್ಲಾ ರೆಸ್ಟ್ ತಗೋತೀರಾ? ಇಲ್ಲಿ ಇನ್ನೊಬ್ರು ರೆಡಿ ಇದ್ದಾರೆ.”

ಅವರ ಕಡೆ ನಿಜಕ್ಕೂ ಕುಕ್ಕರ್ ಸದ್ದಿರಲಿಲ್ಲ.

“ನೀವ ಆಡ್ರಪಾ. ನಂದೇನದ, ನಾ ನೋಡ್ಕೋತ ಕೂಡ್ತೀನಿ.”

ಅವರ ಮಾತು ಮುಗಿಯುವ ಮೊದಲೇ ಓಕೆ ಆಂಟಿ ಥ್ಯಾಂಕ್ಸ್ ಅಂದೆ. ಗುಂಪಿನಿಂದ ಅವರ ಹೆಸರನ್ನು ತೆಗೆಯಲು ಒಂದೇ ಕ್ಲಿಕ್ಕು, ಅದನ್ನೂ ಒತ್ತಿದೆ. ಒಂದು ಸಲ ಕೇಳಿದ್ದೆ. ಎರಡನೇ ಸಲ ಕೇಳಿದ್ದರೆ ಅವರು ಹಿಂದೆಮುಂದೆ ನೋಡುತ್ತಿದ್ದರು, ಮೂರನೇ ಸಲಕ್ಕೆ, ನೀ ಅಷ್ಟು ಹೇಳಿದ ಮ್ಯಾಲೆ ಆತು ಬಿಡು, ಬರ್ತೀನಿ ಎನ್ನುತ್ತಿದ್ದರು. ನನಗೆ ನನ್ನ ಹೆಸರು ಗೊತ್ತಿದ್ದಷ್ಟು ಖಚಿತವಾಗಿ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ.

ಹೀಲರ್ ಮಾತ್ರ ಸುಮ್ಮನಿರಲಿಲ್ಲ. ಆಂಟಿ ಬೇಡ ಅಂದರೆ ಕಿವಿಗೆ ಹಾಕಿಕೊಳ್ಳಬಾರದೆಂದು ರೂಲ್ ಮಾಡಿದವರು ನೀವೇ ಅಲ್ಲವೇ ಎಂದು ಕೇಳಿದಳು. ಅದು ಆಟದೊಳಗಿನ ಮಾತು, ಇದು ಬೇರೆ ಅಂದೆ. ಆಂಟಿಯೇ ನಡುವೆ ಬಂದು, ಇರಲಿ ಬಿಡವ್ವಾ ಎಂದು ಅವಳನ್ನು ಸಮಾಧಾನ ಮಾಡಿದರು. ನನ್ನ ಕೆಲಸವನ್ನು ಅವರೇ ಸಲೀಸು ಮಾಡಿಕೊಟ್ಟರು.

ಹನ್ನೊಂದು ನಿಮಿಷದಲ್ಲಿ ರಾಕ್ಷಸ ಸತ್ತ. ನನ್ನ ಸಹೋದ್ಯೋಗಿ ಚೂಯಿಂಗ್ ಗಮ್ ಜಗಿಯುತ್ತ ಮರಿಗಳನ್ನು ಹಿಡಿದಿದ್ದ, ಒಂದು ಮಾತೂ ಆಡಲಿಲ್ಲ. ನಾನು ನೆಟ್ಟಗೆ ನಿಂತಿದ್ದೆ. ತೆರೆಯ ತುಂಬ ಚಿನ್ನದ ಅಕ್ಷರ, ಕಿವಿ ಕಿವುಡಾಗುವಷ್ಟು ಕೂಗಾಟ. ನಾನು ಕುರ್ಚಿಯಿಂದ ಎದ್ದು ಕುಣಿದೆ, ಕೆಳಗಿನ ಮನೆಯವರು ಛಾವಣಿ ಕುಟ್ಟಿದರು. ಆಂಟಿ ನಮ್ಮ ವಾಯ್ಸ್ ಕಾಲಿನಿಂದ ಹೊರಗೆ ಹೋಗಿರಲೇ ಇಲ್ಲ ಎಂಬುದು ಗಲಾಟೆ ಇಳಿದ ಮೇಲೆ ಗೊತ್ತಾಯಿತು. ಪೂರ್ತಿ ಹನ್ನೊಂದು ನಿಮಿಷ ಕೂತು ಕೇಳಿಸಿಕೊಂಡಿದ್ದರು.

“ಛಲೋ ಆತ್ರಪಾ. ಎಲ್ಲಾರೂ ಊಟಾ ಮಾಡ್ರಿ” ಅಂದರು.

ನಾನು ಕೇಳಿದ ಅವರ ಕೊನೆಯ ಮಾತು ಅದು. ಹೀಲರ್ ಅಂದೇ ಗುಂಪು ಬಿಟ್ಟಳು, ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದೆನೇನೋ.

ಮಂಗಳವಾರ ನನ್ನ ಬಾಗಿಲಿಗೆ ಒಂದು ಪಾರ್ಸೆಲ್ ಬಂತು. ಆನ್ ಆರ್ಬರಿನಿಂದ, ಶುಕ್ರವಾರವೇ ಕಳಿಸಿದ್ದು. ಒಳಗೆ ಹಾಳೆಯಲ್ಲಿ ಒಂದೊಂದಾಗಿ ಸುತ್ತಿದ ಹನ್ನೆರಡು ಶೇಂಗಾ ಹೋಳಿಗೆ, ಮೇಲೆ ಒಂದು ಚೀಟಿ. ಗೆದ್ದ ಮೇಲೆ ತಿನ್ನಬೇಕು, ಮೊದಲೇ ತಿಂದರೆ ಅಪಶಕುನ ಎಂದು ಗುಂಡಗಿನ ಅಕ್ಷರದಲ್ಲಿ ಬರೆದಿದ್ದರು. ಒಂಬತ್ತು ಮನೆಗೂ ಕಳಿಸಿದ್ದರಂತೆ. ಗುರುವಾರವೆಲ್ಲ ಒಲೆಯ ಮುಂದೆ ನಿಂತಿರಬೇಕು. ಮನುಷ್ಯನಾದವನು ಅವನ್ನು ನೋಡಿ ಏನಾದರೂ ಮಾಡುತ್ತಿದ್ದ. ಫೋನಾದರೂ ಮಾಡುತ್ತಿದ್ದ. ನಾನು ಹೆಂಡತಿಗೆ ನಾಲ್ಕು ಕೊಟ್ಟು ಎಂಟನ್ನು ಎರಡು ದಿನದಲ್ಲಿ ಮುಗಿಸಿದೆ. ತುಪ್ಪ ಬಿಸಿ ಮಾಡಿ ಹಾಕಿಕೊಂಡು ತಿಂದೆ. ಬಹಳ ರುಚಿಯಾಗಿದ್ದವು.

ಹೊಸ ಸೀಸನ್ನಿನ ಮೊದಲ ಎರಡು ಶನಿವಾರ ಆಂಟಿಯ ಪಾತ್ರ ಆಟದೊಳಗೆ ಕಾಣಿಸಿತು. ಊರಬಾಗಿಲಿನ ಕಲ್ಲಿನ ಪಕ್ಕ ಸುಮ್ಮನೆ ನಿಂತಿರುತ್ತಿದ್ದರು, ಗುರಾಣಿ ಹಿಡಿದುಕೊಂಡು. ಕರೆಯಲಿ ಎಂದೋ, ಮಗನ ಹೆಸರು ಹಸಿರಾಗುವುದನ್ನು ನೋಡಲೆಂದೋ... ನಾನು ಆ ದಾರಿ ಬಿಟ್ಟು ಬಳಸಿಕೊಂಡು ಹೋಗುತ್ತಿದ್ದೆ. ಮೂರನೇ ಶನಿವಾರ ಅವರು ಇರಲಿಲ್ಲ. ಒಂದು ವರ್ಷದೊಳಗೆ ಗುಂಪೂ ಚದುರಿತು. ನನಗೆ ಮಗಳು ಹುಟ್ಟಿದಳು, ಆಟ ಬಿಟ್ಟೆ. ಕೆಲಸದ ಮೇಲೆ ಮೂರು ಸಲ ಆನ್ ಆರ್ಬರಿನ ಎಕ್ಸಿಟ್ ದಾಟಿ ಡ್ರೈವ್ ಮಾಡಿದ್ದೇನೆ. ಬೋರ್ಡ್ ಕಂಡಾಗಲೆಲ್ಲ ಎಡಗಡೆಯ ಲೇನಿಗೆ ಹೋಗಿ ವೇಗ ಹೆಚ್ಚಿಸಿದ್ದೇನೆ.

ಇಷ್ಟು ನೆನೆದು ಸುಮ್ಮನಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಕಳೆದ ಶನಿವಾರ, ಬೆರಳಿಗಂಟಿದ ಕರಿ ತೊಳೆದುಕೊಂಡು ಬಂದವನು ಎಷ್ಟೋ ವರ್ಷದ ಮೇಲೆ ಲ್ಯಾಪ್‌ಟಾಪಿನಲ್ಲಿ ಆ ಆಟವನ್ನು ತೆರೆದೆ. ಪಾಸ್‌ವರ್ಡ್ ಇನ್ನೂ ಬಾಯಿಪಾಠವಿತ್ತು. ಒಳಗೆ ಒಂದು ಮೆಸೇಜ್ ಕಾಯುತ್ತಿತ್ತು, ಮೂರು ವಾರದ ಹಿಂದಿನದು. ಗುರುತಿಲ್ಲದ ಹೆಸರು. ಇಂಗ್ಲಿಷಿನಲ್ಲಿ ಬರೆದಿತ್ತು. ನನ್ನ ತಾಯಿ ನಿಮ್ಮ ಗುಂಪಿನಲ್ಲಿ ಆಡುತ್ತಿದ್ದರು, ಗುಂಪಿನ ಸದಸ್ಯರ ಪಟ್ಟಿಯಲ್ಲಿ ನೀವು ನಾಯಕ ಎಂದಿದೆ. ಅವರು ಈ ಚಳಿಗಾಲದಲ್ಲಿ ತೀರಿಕೊಂಡರು. ಒಂದು ವಿಷಯ ಕೇಳಬೇಕಿತ್ತು, ಎಂದಷ್ಟೇ ಇತ್ತು.

ಅವನ ಹೆಸರು ಹಸಿರಾಗಿತ್ತು. ನಾನು ತೆರೆದದ್ದು ಅವನಿಗೂ ಕಂಡಿರಬೇಕು, ಮುಚ್ಚಿ ಓಡುವಷ್ಟರಲ್ಲಿ ಬರೆಯತೊಡಗಿದ. ಮೊದಲು ಥ್ಯಾಂಕ್ಸ್ ಹೇಳಿದ. ಕೊನೆಯ ಕೆಲವು ತಿಂಗಳು ಅಮ್ಮನೂ ತಾನೂ ಮಾತಾಡಿದೆವು ಅಂದ. ಆಸ್ಪತ್ರೆಯಲ್ಲಿ, ಔಷಧಿ ಊಟದ ಮಾತು. ಆಟದ ಮಾತು ಬರಲಿಲ್ಲ, ತಾನೂ ಎತ್ತಲಿಲ್ಲ. ಆಗಿನ ಶನಿವಾರಗಳಲ್ಲಿ ಅಮ್ಮನ ಹೆಸರು ಹಸಿರಾಗುವುದನ್ನು ನೋಡಲಿಕ್ಕೆಂದೇ ತಾನೂ ಆಟ ತೆರೆದಿಟ್ಟು ಕೂರುತ್ತಿದ್ದೆ ಅಂದ. ಅಮ್ಮ ಯಾವ ರಾಕ್ಷಸನ ಹಿಂದೆ ಬಿದ್ದಿದ್ದಾರೆಂದು ಆಟವೇ ತೋರಿಸುತ್ತಿತ್ತು. ರಾಕ್ಷಸ ಸತ್ತನೆಂಬ ಸಾಲು ಬಂದ ದಿನ ಕಂಗ್ರಾಟ್ಸ್ ಎಂದು ಒಂದು ಮೆಸೇಜ್ ಹಾಕೋಣ, ಮಾತು ಶುರುಮಾಡಲು ಅದೊಂದು ನೆಪವಾಗುತ್ತದೆ ಎಂದುಕೊಂಡಿದ್ದೆ ಅಂದ. ಸಾಲು ಬರಲೇ ಇಲ್ಲ. ನಿಮ್ಮ ಗುಂಪು ಅವನನ್ನು ಕೊಂದಿತೆಂದು ಆಟದ ದಾಖಲೆಯಲ್ಲಿದೆ, ಹತ್ತು ಹೆಸರಿನಲ್ಲಿ ಅಮ್ಮನದಿಲ್ಲ. ಏನಾಯಿತು?

ಅವರಿಗೆ ಅವತ್ತು ಬೇಡವಾಗಿತ್ತು, ಅವರೇ ಬೇಡ ಅಂದರು ಎಂದು ಬರೆದೆ.

ಅಮ್ಮ ಮೊದಲ ಸಲ ಯಾವುದಕ್ಕೂ ಹೂಂ ಅಂದವರಲ್ಲ, ನೀವು ಎಷ್ಟು ಸಲ ಕೇಳಿದಿರಿ ಎಂದು ಕೇಳಿದ.

ಒಂದು ಸಲ ಎಂದು ಬರೆಯಲು ಒಂದಂಕಿ ಸಾಕು. ಅವನು ಮೂವತ್ತು ದಾಟಿದ ಗಂಡಸು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ನನ್ನ ಬೆರಳು ಅದನ್ನು ಒತ್ತಲಿಲ್ಲ. ಮೂರು ಸಲ ಎಂದು ಬರೆದೆ.

ಹಾಗಾದರೆ ಸರಿ, ಎಂದು ಉತ್ತರ ಬಂತು. ಮೂರು ಸಲ ಕೇಳಿದ ಮೇಲೂ ಬೇಡ ಅಂದಿದ್ದರೆ ಅಮ್ಮನಿಗೆ ಅದು ನಿಜವಾಗಿಯೂ ಬೇಡವಾಗಿತ್ತು. ನಾನೇ ಸುಮ್ಮನೆ ಏನೇನೋ ಅಂದುಕೊಂಡಿದ್ದೆ. ತೊಂದರೆ ಕೊಟ್ಟೆ, ಕ್ಷಮಿಸಿ.

ಅವನ ಹೆಸರು ಬೂದು ಬಣ್ಣಕ್ಕೆ ತಿರುಗಿತು. ಆ ಸಾಲು ಅವನಿಗಾಗಿಯೇ ಬೇಕಿತ್ತೆಂದು ಅವನಮ್ಮ ಹೇಳಿದ್ದು ಈ ಭೂಮಿಯ ಮೇಲೆ ಈಗ ನನಗೊಬ್ಬನಿಗೇ ಗೊತ್ತು. ಒಂದು ವಾರವಾಯಿತು, ದಿನವೂ ಅವನಿಗೆ ಬರೆಯಲು ಕೂರುತ್ತೇನೆ. ಇನ್ನೂ ಬರೆದಿಲ್ಲ.